ದೇಶಪಾಂಡೆ ರಾಯರ ಟೇಬಲ್ಲು

ನನಗೊಂದು ಕೆಟ್ಟ ಚಟವಿದೆ. ಬೀಡಿ, ಎಲೆ‑ಅಡಿಕೆ ಎಂದು ಊಹಿಸಬೇಡಿ. ‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ, ಅಷ್ಟೇ. ರಸ್ತೆಯಲ್ಲಿ ಯಾರಾದರೂ ವಿಳಾಸ ಕೇಳಿದರೆ ಗೊತ್ತಿರಲಿ ಬಿಡಲಿ ಕೈ ಎತ್ತಿ ದಿಕ್ಕು ತೋರಿಸುತ್ತೇನೆ. ಹಾಗೆ ಎಷ್ಟು ಮಂದಿ ಎಲ್ಲೆಲ್ಲಿ ಹೋಗಿ ಸೇರಿದ್ದಾರೋ ದೇವರೇ ಬಲ್ಲ. ವಿಜಾಪುರದಿಂದ ಮುಂಬಯಿಗೆ ಬಂದು ಎಷ್ಟೋ ವರ್ಷವಾಯಿತು. ಮನೆ ಮಲಾಡಿನಲ್ಲಿ, ಆಫೀಸು ಫೋರ್ಟಿನಲ್ಲಿ. ನಡುವೆ ಇರುವ ಊರನ್ನು ಲೋಕಲ್ ರೈಲಿನಲ್ಲಿ ಇನ್ನೊಬ್ಬರ ಕಂಕುಳ ಸಂದಿಯಿಂದ ನೋಡಿದ್ದೇನೆಯೇ ಹೊರತು ಬೇರೆ ರೀತಿ ನೋಡಿಲ್ಲ. ಆದರೂ ಊರಿಗೆ ಹೋದಾಗಲೆಲ್ಲ, “ಮುಂಬಯಿ ಅಂದರೆ ನನ್ನ ಅಂಗೈ ಇದ್ದ ಹಾಗೆ” ಎಂದು ಹೇಳಿ ಬರುತ್ತಿದ್ದೆ.

ಆ ಅಂಗೈ ನೋಡಲು ನನ್ನ ಬಾಲ್ಯದ ಗೆಳೆಯರಾದ ಈರಣ್ಣ ಮತ್ತು ಗುರುಬಸು ಗಣರಾಜ್ಯೋತ್ಸವದ ರಜೆ ಹಿಡಿದು ಬಂದೇಬಿಟ್ಟರು. ಬೆಳಗ್ಗೆ ಅವರನ್ನು ಸಮುದ್ರದ ದಂಡೆಗೆ ಕರೆದೊಯ್ದೆ. ದೇಶದ ಜನವೆಲ್ಲ ಅದೇ ದಿನ ಅದೇ ದಂಡೆಗೆ ಬಂದಿತ್ತು. ಸಮುದ್ರ ಕಾಣಲಿಲ್ಲ, ಬರೀ ತಲೆಗಳು ಕಂಡವು. ಗುರುಬಸು ತನ್ನ ಚಪ್ಪಲಿಯನ್ನು ಎರಡು ಸಲ ಕಳೆದುಕೊಂಡು ಒಂದು ಸಲ ಹುಡುಕಿಕೊಂಡ. ಈರಣ್ಣ, “ಪರದೇಶಕ್ಕ ಬಂದಂಗಾಗೇತಿ ಮಾರಾಯಾ. ಒಬ್ಬರ ಮಾತರೆ ತಿಳಿತಾವೇನು? ಎಲ್ಲಿಯರೆ ಸ್ವಲ್ಪ ಶಾಂತ ಇದ್ದಲ್ಲಿ ಕರ್ಕೊಂಡು ನಡಿ” ಎಂದ. ನಾನು ಧೈರ್ಯವಾಗಿ, “ನನ್ನ ಫೋರ್ಟು ತೋರಿಸ್ತೀನಿ, ಬರ್ರಿ” ಎಂದೆ.

ರಜೆಯ ದಿನದ ಫೋರ್ಟನ್ನು ನಾನೂ ಅಂದೇ ನೋಡಿದ್ದು. ಸಮುದ್ರದ ಗದ್ದಲ ಎರಡು ತಿರುವು ದಾಟುವುದರೊಳಗೆ ನಿಂತೇ ಹೋಯಿತು. ಬ್ಯಾಂಕು, ಕಚೇರಿ ಎಲ್ಲಕ್ಕೂ ಶಟರು. ನಡುಮಧ್ಯಾಹ್ನ, ಆದರೂ ನಮ್ಮ ಹೆಜ್ಜೆಯ ಸಪ್ಪಳ ಎದುರು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಯಾವುದೋ ಕಟ್ಟಡದ ಮೇಲೆ ಬಾವುಟದ ಹಗ್ಗ ಕಂಬಕ್ಕೆ ಟಕ್, ಟಕ್ ಎಂದು ಬಡಿಯುತ್ತಿತ್ತು. ದಿನಾ ಓಡಾಡುವ ಬೀದಿಯಲ್ಲೇ ನನಗೆ ದಾರಿ ತಪ್ಪಿತು. ತಪ್ಪಿತೆಂದು ಹೇಳಲು ನನ್ನ ಚಟ ಬಿಡಲಿಲ್ಲ. ಒಂದು ಹಳೆಯ ಕಟ್ಟಡದ ಬಾಗಿಲಲ್ಲಿ ಕೂತಿದ್ದ ವಾಚ್‌ಮನ್ ನನ್ನನ್ನು ಕಂಡು ತಟ್ಟನೆ ಎದ್ದು ನಿಂತ. ಎದೆ ಮುಟ್ಟಿಕೊಂಡ. ಆಮೇಲೆ ಹಿಂದಕ್ಕೇ ನಡೆದು ಹೋಗಿ ಒಳಗಿನಿಂದ ಗ್ರಿಲ್ಲಿಗೆ ಚಿಲಕ ಹಾಕಿಕೊಂಡ. ಗುರುಬಸು, “ಭಾರಿ ಮರ್ಯಾದಿ ಐತಲ್ಲೋ ನಿನಗ!” ಎಂದ. ನಾನು, “ಇರ್ತದಪ್ಪ” ಎಂದು ಅಂಗಿಯ ಕಾಲರು ಸರಿಮಾಡಿಕೊಂಡೆ.

ಮುಂದಿನ ಗಲ್ಲಿಯಲ್ಲಿ ಒಂದು ಉಡುಪಿ ಹೋಟೆಲು ತೆರೆದಿತ್ತು. ಸುತ್ತಮುತ್ತ ತೆರೆದದ್ದು ಅದೊಂದೇ ಆದ್ದರಿಂದ ಒಳಗೆ ಜನ ತುಂಬಿತ್ತು. ನಾನು ಮನೆಯಿಂದ ತರುವ ಊಟದ ಡಬ್ಬಿಯ ಗಿರಾಕಿ, ಆ ಹೋಟೆಲಿನ ಮೆಟ್ಟಿಲು ಎಂದೂ ಹತ್ತಿದವನಲ್ಲ. ಒಳಗೆ ಕಾಲಿಟ್ಟದ್ದೇ ತಡ, ಗಲ್ಲಾದಲ್ಲಿದ್ದ ಮುದುಕ ಶೆಟ್ಟರು ಎದ್ದು ನಿಂತು ಕೈ ಮುಗಿದರು. ಅವರ ಮುಖ ಸುಣ್ಣದ ಗೋಡೆಯಾಗಿತ್ತು. “ರಾಯರೆ, ಯಾವಾಗ ಬಂದದ್ದು?” ಎಂದರು. ಗೆಳೆಯರ ಎದುರಿಗೆ ಈ ಗೌರವ! ನಾನೇಕೆ ಬಿಡಲಿ? “ಈಗಷ್ಟೇ ಶೆಟ್ಟರೆ. ಇವರು ನಮ್ಮ ಕಡೆಯವರು” ಎಂದೆ. ಶೆಟ್ಟರು ಅವರಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. “ಇವರೂ ಅಲ್ಲಿಗೆ ಬಂದಿದ್ದಾರಾ?” ಎಂದರು. “ನಿನ್ನೆ ಬಂದರು.” “ಇಬ್ಬರೂ ಒಟ್ಟಿಗೆ? ಹೇಗೆ?” “ಬಸ್ಸಿನಲ್ಲಿ.”

“ಅಯ್ಯೋ ದೇವರೆ, ಬಸ್ಸಾ?” ಎಂದು ಶೆಟ್ಟರು ಗಲ್ಲಾ ಹಿಡಿದುಕೊಂಡರು.

ಗುರುಬಸುವಿಗೆ ಕೇಳುವವರು ಸಿಕ್ಕರೆ ಸಾಕು. “ಭಾಳ ತ್ರಾಸ ಆತ್ರೀ. ಘಾಟಿನ್ಯಾಗ ಹಿಂಗ ಹೊಳ್ಳಿತು ನೋಡ್ರಿ, ಆಮ್ಯಾಲ ಏನೂ ಗೊತ್ತಾಗಲಿಲ್ಲ. ಕಣ್ಣ ತೆರದರ ಇವನ ಮುಂದ ನಿಂತೀವಿ” ಎಂದ. ಬಸ್ಸಿನಲ್ಲಿ ನಿದ್ದೆ ಹೋದದ್ದನ್ನು ಅವನು ಯಾವಾಗಲೂ ಹಾಗೆಯೇ ಹೇಳುವುದು.

ಶೆಟ್ಟರು ನಮ್ಮನ್ನು ಮೂಲೆಯ ಒಂದು ಟೇಬಲ್ಲಿಗೆ ಕರೆದೊಯ್ದರು. ಅದರ ಮೇಲೆ ಒಂದು ಲೋಟ ಬೋರಲು ಹಾಕಿತ್ತು. ಬೇರೆ ಟೇಬಲ್ಲುಗಳೆಲ್ಲ ತುಂಬಿದ್ದರೂ ಅಲ್ಲಿ ಯಾರೂ ಕೂತಿರಲಿಲ್ಲ. ಮಾಣಿ ಕೇಳದೆಯೇ ನನ್ನ ಮುಂದೆ ಊಟದ ತಟ್ಟೆ ತಂದಿಟ್ಟು, ಮುಟ್ಟದಂತೆ ದೂರ ಸರಿದ. ಶೆಟ್ಟರು ದನಿ ತಗ್ಗಿಸಿ, “ಅಲ್ಲಿ ಹೇಗುಂಟು ರಾಯರೆ?” ಎಂದರು. ಮಲಾಡಿನ ಬಗ್ಗೆ ಇಷ್ಟು ಕಳಕಳಿ ಇರುವವರನ್ನು ನಾನು ಕಂಡಿರಲಿಲ್ಲ. “ಏನು ಹೇಳಲಿ ಶೆಟ್ಟರೆ, ವಿಪರೀತ ಗದ್ದಲ. ದಿನಾ ಹೊಸಬರು ಬಂದು ಬೀಳುತ್ತಲೇ ಇದ್ದಾರೆ.” “ನಮ್ಮ ಊರ ಕಡೆಯವರು?” “ನಿಮ್ಮವರೇ ಜಾಸ್ತಿ.” “ಊಟಕ್ಕೆಂತ ಮಾಡ್ತೀರಿ?” “ಸಿಗುತ್ತದೆ, ಆದರೆ ರುಚಿ ಇಲ್ಲ. ನೀವೂ ಬನ್ನಿ ಒಮ್ಮೆ. ಜಾಗ ನಾನೇ ನೋಡಿಡುತ್ತೇನೆ.”

“ಈಗಲೇ ಬೇಡ ರಾಯರೆ” ಎಂದರು ಶೆಟ್ಟರು. ಕಣ್ಣಲ್ಲಿ ನೀರು. “ಮೊಮ್ಮಗಳ ಮದುವೆಯೊಂದು ಆಗಿಬಿಡಲಿ.”

ಆಗ ಈರಣ್ಣ ನನ್ನ ತೊಡೆ ಚಿವುಟಿ ಗಲ್ಲಾದ ಹಿಂದಿನ ಗೋಡೆ ತೋರಿಸಿದ. ದೇವರ ಪಟಗಳ ಸಾಲಿನ ಕೊನೆಗೆ ಗಂಧದ ಹಾರ ಹಾಕಿದ ಒಂದು ಫೋಟೋ, ಅದರ ಮೇಲೊಂದು ಕೆಂಪು ಬಲ್ಬು. ಫೋಟೋದಲ್ಲಿ ನಾನಿದ್ದೆ. ನನ್ನದೇ ಬೈತಲೆ, ನನ್ನದೇ ಮೂಗು, ಕನ್ನಡಿಯಲ್ಲಿ ನಾನು ದಿನಾ ತೀಡುವ, ಎಂದೂ ಬಗ್ಗದ ಅದೇ ಎಡಹುಬ್ಬು. ಕೆಳಗೆ ‘ಕೈಲಾಸವಾಸಿ ದೇಶಪಾಂಡೆ ರಾಯರು’ ಎಂದು ಬರೆದಿತ್ತು. ಹೋಟೆಲಿನಲ್ಲಿ ತಟ್ಟೆ ಲೋಟದ ಸಪ್ಪಳ ನಿಂತುಹೋಗಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂದು ಕ್ಷಣ ನನಗೆ ನಾನು ಬೆಳಗ್ಗೆ ಎಲ್ಲಿಂದ ಹೊರಟೆ ಎಂಬುದು ನಿಜವಾಗಿಯೂ ನೆನಪಾಗಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ, “ನನಗೇನೂ ಗೊತ್ತಿಲ್ಲ ಶೆಟ್ಟರೆ. ನಾನು ಮಲಾಡಿನವನು” ಎಂದೆ.

ಶೆಟ್ಟರು ಮೆಲ್ಲಗೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದು ನೋಡಿದರು. “ಬಿಸಿ ಉಂಟು” ಎಂದು ಮಾಣಿಗೆ ಹೇಳಿದರು. ಆಮೇಲೆ ಎದುರಿಗೆ ಕೂತು ಎಲ್ಲ ಹೇಳಿದರು. ದೇಶಪಾಂಡೆ ರಾಯರು ಧಾರವಾಡದ ಕಡೆಯವರು, ವಕೀಲರೊಬ್ಬರಲ್ಲಿ ಟೈಪಿಂಗ್ ಕೆಲಸ. ಹೆಂಡತಿ ಮಕ್ಕಳು ಯಾರೂ ಇಲ್ಲ. ಎಷ್ಟೋ ಕಾಲದಿಂದ ಎರಡು ಹೊತ್ತೂ ಊಟ ಇದೇ ಟೇಬಲ್ಲಿನಲ್ಲಿ. ಬಡಿಸಿದ್ದನ್ನು ಉಪ್ಪಿಲ್ಲ, ಖಾರವಿಲ್ಲ ಎನ್ನದೆ ಉಣ್ಣುತ್ತಿದ್ದರಂತೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಅರ್ಧ ಊಟಕ್ಕೇ ಎದ್ದರು. ಶೆಟ್ಟರು, “ಸಾರು ಸರಿಯಿಲ್ಲವಾ ರಾಯರೆ?” ಎಂದು ಕೇಳಿದರೆ, ನಕ್ಕು, “ಬಂದೆ” ಎಂದು ಹೊರಗೆ ಹೋದರು. ಗಲ್ಲಿಯ ತುದಿ ಮುಟ್ಟಲಿಲ್ಲ. “ಬಂದೆ ಅಂದವರಲ್ವಾ, ಹಾಗಾಗಿ ಲೋಟ ತೆಗೆಯಲಿಲ್ಲ” ಎಂದರು ಶೆಟ್ಟರು. “ನೀವು ಅವರಲ್ಲ, ನನಗೆ ಅರ್ಥವಾಯಿತು. ಆದರೆ ಆ ಊಟ ಒಂದು ಮುಗಿಸಿಬಿಡಿ. ನನಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.”

ಎದ್ದು ಓಡೋಣ ಅನಿಸಿತು. ಆದರೆ ಆ ಮುದುಕರ ಮುಖ ನೋಡಿ ಕಾಲು ಏಳಲಿಲ್ಲ. ನನ್ನದೇ ಫೋಟೋದ ಕೆಳಗೆ, ಸತ್ತವರ ಪಾಲಿನ ಅನ್ನವನ್ನು, ಇಡೀ ಹೋಟೆಲಿನ ಎದುರು ಉಂಡೆ. ಹೆದರಿಕೆಗೆ ಕೈ ತಂತಾನೇ ಕೆಲಸ ಮಾಡುತ್ತಿತ್ತು. ಉಪ್ಪಿನಕಾಯಿಯನ್ನು ಪಲ್ಯದ ಕೆಳಗೆ ಮುಚ್ಚಿಟ್ಟಿತು. ಮಾಣಿ, “ರಾಯರೂ ಹಾಗೇ” ಎಂದು ಪಿಸುಗುಟ್ಟಿದ. ನಾನು ಮೊಸರನ್ನಕ್ಕೆ ಸಕ್ಕರೆ ಹಾಕಿಕೊಳ್ಳುವವನಲ್ಲ. ಅಂದು ಬಾಯಿ, “ಸ್ವಲ್ಪ ಸಕ್ಕರೆ” ಎಂದು ಕೇಳಿಬಿಟ್ಟಿತು. ತಿರುಗಿ ನೋಡಿದರೆ ಮಾಣಿ ಆಗಲೇ ಸಕ್ಕರೆಯ ಬಟ್ಟಲು ಹಿಡಿದು ನಿಂತಿದ್ದ.

ಕೊನೆಯ ಅಗುಳು ಮುಗಿದಾಗ ಶೆಟ್ಟರು ದೊಡ್ಡ ಉಸಿರು ಬಿಟ್ಟರು. ಬೋರಲು ಲೋಟ ತೆಗೆದು, ತಾವೇ ಟೇಬಲ್ಲು ಒರೆಸಿ, ಬಾಗಿಲಲ್ಲಿ ಕಾಯುತ್ತಿದ್ದ ಒಂದು ಸಂಸಾರವನ್ನು ಕರೆದು ಅಲ್ಲಿ ಕೂರಿಸಿದರು. ನನ್ನನ್ನು ಬೀದಿಯವರೆಗೆ ಬಿಟ್ಟು, ಕೈ ಮುಗಿದು, ತುಂಬ ಪ್ರೀತಿಯಿಂದ, “ಊಟ ಆಯಿತಲ್ಲ, ಇನ್ನು ಬರಬೇಡಿ” ಎಂದರು.

ಲೋಕಲ್ಲಿನಲ್ಲಿ ಗೆಳೆಯರಿಬ್ಬರೂ ನನ್ನ ಎದುರು ಸೀಟಿನಲ್ಲಿ ಒತ್ತಿಕೊಂಡು ಕೂತರು. ನನ್ನ ಪಕ್ಕ ಜಾಗವಿತ್ತು. ಅಂಧೇರಿ ದಾಟಿದ ಮೇಲೆ ಈರಣ್ಣ, “ನೀ ಖರೇನ ನೀನ ಹೌದಲ್ಲೋ?” ಎಂದ. ಮನೆಯಲ್ಲಿ ಎಲ್ಲ ಕೇಳಿದ ನನ್ನ ಹೆಂಡತಿ ಮಾತ್ರ ಕಿಂಚಿತ್ತೂ ಹೆದರಲಿಲ್ಲ. “ಬಡಿಸಿದ್ದನ್ನು ತಕರಾರಿಲ್ಲದೆ ಉಣ್ಣುತ್ತಿದ್ದರು ಅಂದಮೇಲೆ ಅವರು ಬೇರೆಯವರೇ ಬಿಡಿ” ಎಂದಳು.

ಯಾರೂ ಇಲ್ಲದ ಮನುಷ್ಯ, ಪಾಪ, ಎಂದು ನಾನು ರಾಯರಿಗಾಗಿ ಮರುಗುತ್ತಲೇ ಇದ್ದೆ. ಮರುದಿನ ಆಫೀಸಿಗೆ ತಲುಪಿದಾಗ ಸ್ವಲ್ಪ ತಡವಾಗಿತ್ತು. ನೋಡಿದರೆ ನನ್ನ ಕುರ್ಚಿಯೇ ಇಲ್ಲ. ಪಕ್ಕದ ವಿಭಾಗದವರು ಅದನ್ನು ಎಳೆದುಕೊಂಡು ಹೋಗಿ, ಅದರ ಮೇಲೆ ಹೊಸ ಪ್ರಿಂಟರ್ ಇಟ್ಟುಕೊಂಡಿದ್ದರು. ಕೇಳಿದ್ದಕ್ಕೆ ಅಲ್ಲಿನ ಹುಡುಗಿ ತಲೆ ಎತ್ತಿ ನನ್ನನ್ನು ನೋಡಿ, “ಅರೇ, ಆಪ್ ಅಭೀ ಭೀ ಯಹೀಂ ಹೈಂ?” ಎಂದಳು, ನೀವಿನ್ನೂ ಇಲ್ಲೇ ಇದ್ದೀರಾ ಎಂದು. ಹೌದು ಎನ್ನುವ ಮೊದಲು ನನ್ನ ಮಣಿಕಟ್ಟನ್ನು ನಾನೇ ಒಮ್ಮೆ ಮುಟ್ಟಿ ನೋಡಿಕೊಂಡೆ.