ನನ್ನ ಕೆಮ್ಮಿಗೆ ಕಾದಿರುವ ಧರ್ಮಾತ್ಮರಿಗೆ

ಕಾರ್ನ್‌ವಾಲ್, ಮಾರ್ಚ್ 1874

ವೃದ್ಧಾಶ್ರಮ ದತ್ತಿ ಮಂಡಳಿಯ ಮಾನ್ಯರೇ,

ಊರಿನ ಅರ್ಧ ನೆಲದ ಒಡೆಯರೂ ಮುದುಕರೆಲ್ಲರ ತಾಯ್ತಂದೆಯರೂ ಆದ ತಮಗೆ, ಒಂದೇ ಮಧ್ಯಾಹ್ನ ಮೂರು ಊರಿನ ಪೈಲ್ವಾನರಿಗೆ ಮಣ್ಣು ಮುಕ್ಕಿಸಿದ ಜೇಬೆಜ್ ಟ್ರೆಗೆಂಜಾ ಸೊಂಟ ಬಗ್ಗಿಸಿ (ಇನ್ನೂ ಬಗ್ಗುತ್ತದೆ, ಬರೆದುಕೊಳ್ಳಿ) ಮಾಡುವ ನಮಸ್ಕಾರಗಳು.

ತಮ್ಮ ನೆಲದ ಮೇಲೆ ನನ್ನ ಅಣ್ಣ ತನ್ನದೇ ಕಲ್ಲು, ತನ್ನದೇ ಬೆವರು ಹಾಕಿ ಮನೆ ಕಟ್ಟಿದಾಗ, ಗುತ್ತಿಗೆಯಲ್ಲಿ ಹೆಸರಿಸಿದ ಮೂವರಲ್ಲಿ ಕೊನೆಯವರ ಉಸಿರು ನಿಂತ ದಿನ ನೆಲದ ಜೊತೆಗೆ ಮನೆಯನ್ನೂ ಸ್ವೀಕರಿಸಲು ತಾವು ದೊಡ್ಡ ಮನಸ್ಸು ಮಾಡಿ ಒಪ್ಪಿದಿರಿ. ಅಣ್ಣ ತನ್ನ ಹೆಸರು, ಅತ್ತಿಗೆಯ ಹೆಸರು, ಊರಿಗೇ ಗಟ್ಟಿ ಜೀವವೆಂದು ನನ್ನ ಹೆಸರು ಬರೆಸಿದ. ಅವರಿಬ್ಬರೂ ತೀರಿಕೊಂಡರು. ಈಗ ಅಣ್ಣನ ಮಗಳು ಲವ್‌ಡೇ, ಅವಳ ಗಂಡ, ಮಕ್ಕಳು, ಬೆಕ್ಕು, ಎಲ್ಲವೂ ನನ್ನ ಮೂಗಿನ ಹೊಳ್ಳೆಗಳ ಆಧಾರದಲ್ಲಿ ನಿಂತಿವೆ.

ಇದರಿಂದ ನನಗೆ ಒದಗಿರುವ ವೈಭವ ಮಹಾರಾಣಿಯವರಿಗೂ ಇಲ್ಲ. ಮೊನ್ನೆ ಹೊಗೆಗೂಡಿನಲ್ಲಿದ್ದ ಹಕ್ಕಿಗೂಡು ತೆಗೆಯಲು ಏಣಿ ಹತ್ತಿದೆ, ಬೀದಿಯೇ ನೆರೆಯಿತು. "ಚಿಕ್ಕಪ್ಪಾ, ಇಳೀರಿ ಕೆಳಗೆ! ನೀವು ಬಿದ್ರೆ ಮನೇನೇ ಬಿದ್ದಂಗೆ!" ಎಂದು ಲವ್‌ಡೇ ಕೂಗಿದಳು. "ಬೀಳೋದು ನಾನು ಕಣೇ, ಸೂರಲ್ಲ" ಎಂದೆ. "ನಿಮ್ಮ ಮೂಳೆ ನಿಮ್ದಲ್ಲ ಚಿಕ್ಕಪ್ಪ, ನನ್ನ ಮಕ್ಕಳ ಗೋಡೆ ಅದು!" ಎಂದು ಅತ್ತೇಬಿಟ್ಟಳು. ಇಳಿದೆ. ಅಂದಿನಿಂದ ಕುಸ್ತಿ, ದೋಣಿ ಬಂದ್. ಮೀನಿನ ಮುಳ್ಳನ್ನೂ ಮನೆಮಂದಿಯೆಲ್ಲ ಕೂತು ಆರಿಸಿ ಕೊಡುತ್ತಾರೆ.

ತಮ್ಮ ಗುಮಾಸ್ತ ಪಾಸ್ಕೋ ಅವರ ಅಕ್ಕರೆಯನ್ನಂತೂ ಎಷ್ಟು ಹೊಗಳಲಿ! ಬೆಳಗಾದರೆ ಕಿಟಕಿಯ ಕೆಳಗೆ ಹಾಜರು. "ಹೆಂಗವ್ರಮ್ಮ ಹಿರೀಕ್ರು?" ಎನ್ನುತ್ತಾರೆ. "ಎರಡು ಬಟ್ಟಲು ಗಂಜಿ ಕುಡುದ್ರು" ಎಂದು ಲವ್‌ಡೇ ಹೇಳಿದರೆ ಪಾಪ, ಅವರ ಮುಖವೇ ಬಾಡುತ್ತದೆ. ತಮ್ಮ ಆಶ್ರಮದಲ್ಲಿ ನನಗೊಂದು ಕೋಣೆಯನ್ನು ಧರ್ಮಕ್ಕೇ ಕೊಡುವುದಾಗಿಯೂ ಹೇಳಿದರು. ಹೋಗಿ ನೋಡಿದೆ. ಕಿಟಕಿಗೆ ಗಾಜಿಲ್ಲ, ಸಮುದ್ರದ ಗಾಳಿಗೆ ಮಾತ್ರ ಬರವಿಲ್ಲ. ತಮ್ಮ ದೂರದೃಷ್ಟಿಗೆ ಟೋಪಿ ತೆಗೆದೆ, ಚಳಿಗೆ ಕೂಡಲೇ ಹಾಕಿಕೊಂಡೆ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ಗುತ್ತಿಗೆಯಲ್ಲಿ ಖಾಲಿಯಾದ ಜಾಗಕ್ಕೆ ಲವ್‌ಡೇಯ ಕೈಗೂಸಿನ ಹೆಸರು ಬರೆಸಿ, ಒಬ್ಬ ಮುದುಕನಿಗೆ ನೆಮ್ಮದಿಯಾಗಿ ಕೆಮ್ಮುವ ಸ್ವಾತಂತ್ರ್ಯ ಕೊಡಿಸಿ. ಕೂಸು ಒಪ್ಪಿಗೆಯಾಗದಿದ್ದರೆ, ತಮ್ಮ ಅಧ್ಯಕ್ಷರ ಅತ್ತೆಯವರ ಹೆಸರಾದರೂ ಸರಿ. ಅವರು ಸಾಯುವವರಲ್ಲ ಎಂದು ಅಧ್ಯಕ್ಷರೇ ಛತ್ರದಲ್ಲಿ ಎಲ್ಲರೆದುರು ಅಲವತ್ತುಕೊಂಡಿದ್ದಾರೆ. ತಮ್ಮ ಉತ್ತರ ಬರುವವರೆಗೆ ಸಾಯುವ ಕೆಲಸವನ್ನು ಮುಂದೂಡಿದ್ದೇನೆ.

ಇನ್ನೂ ಉಸಿರಾಡುತ್ತಿರುವ, ತಮ್ಮ ವಿಶ್ವಾಸಿ,
ಜೇಬೆಜ್ ಟ್ರೆಗೆಂಜಾ

ಮರೆತ ಮಾತು: ಈ ಬೆಳಿಗ್ಗೆ ನಮ್ಮ ಕಿಟಕಿಯ ಬಳಿ ಕೇಳಿಬಂದ ಭಯಂಕರ ಕೆಮ್ಮನ್ನು ಯಾರಾದರೂ ತಮಗೆ ಸಿಹಿಸುದ್ದಿಯೆಂದು ತಲುಪಿಸಿದ್ದರೆ ದಯವಿಟ್ಟು ನಂಬಬೇಡಿ. ಅದು ಮಳೆಯಲ್ಲಿ ನಿಂತಿದ್ದ ಪಾಸ್ಕೋ ಅವರದು. ನನಗೆಂದು ಕಾಯಿಸಿದ ಸಾರನ್ನು ಲವ್‌ಡೇ ಅವರಿಗೇ ಕುಡಿಸಿದ್ದಾಳೆ. ನಾಳೆ ಬೆಳಿಗ್ಗೆ ಅವರ ಕಿಟಕಿಯ ಕೆಳಗೆ ನಿಂತು ಹೇಗಿದ್ದಾರೆಂದು ಕೇಳಲು ನಾನೇ ಹೋಗುತ್ತೇನೆ.