ತಿಕ್ಕಿದರೂ ಹೋಗದ ಬಣ್ಣ

ಬಾಗಿಲು ಮುಚ್ಚಿಕೊಂಡು ಒಬ್ಬನೇ ಕೆಲಸ ಮಾಡುವವನ ಕಡೆಗೆ ನಗೆ ಸುಳಿಯುವುದಿಲ್ಲ ಎಂದು ತಿಳಿದಿದ್ದೆ. ಅದು ಹೇಗೋ ದಾರಿ ಹುಡುಕಿಕೊಂಡು ಬರುತ್ತಲೇ ಇರುತ್ತದೆ.

ಜಹೀರಾಬಾದಿನ ಹೆದ್ದಾರಿ ಪಕ್ಕದ ಒಂದು ಚಿಕ್ಕ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಗಾಳಿ ಹೀರಿ ತೆಗೆದ ಉಕ್ಕಿನ ಪಾತ್ರೆಯೊಳಗೆ ಟೈಟಾನಿಯಂ ಆಕ್ಸೈಡಿನ ಬಿಲ್ಲೆ ಇಟ್ಟು, ಪಾತ್ರೆಯ ಪುಟ್ಟ ಕಿಟಕಿಯಿಂದ ಲೇಸರ್ ಹೊಡೆಯುತ್ತೇನೆ. ಬಿಲ್ಲೆಯಿಂದ ಎದ್ದ ಆವಿ ಎದುರಿನ ಗಾಜಿನ ತುಂಡಿನ ಮೇಲೆ ಕೂದಲಿಗಿಂತ ಎಷ್ಟೋ ತೆಳುವಾದ ಪದರವಾಗಿ ಕೂರುತ್ತದೆ. ವಾಲಿಸಿ ನೋಡಿದರೆ ನವಿಲಿನ ಕೊರಳ ಬಣ್ಣ. ಆದರೆ ಕೂತದ್ದು ನಿಲ್ಲುತ್ತಿರಲಿಲ್ಲ. ಟೇಪು ಅಂಟಿಸಿ ಕಿತ್ತರೆ ಅದರ ಜೊತೆಗೇ ಎದ್ದು ಬರುತ್ತಿತ್ತು. ಅದನ್ನು ನಿಲ್ಲಿಸುವುದೊಂದೇ ನನ್ನ ಚಿಂತೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಫರಸಿ

ತಾಂಡೂರಿನಲ್ಲಿ ಒಂದು ಮದುವೆ. ಊಟಕ್ಕೆ ನನ್ನ ಪಕ್ಕ ಕೂತವರು ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ. ಏನು ಕೆಲಸ ಎಂದು ಕೇಳಿದರು, ಹೇಳಿದೆ.

"ಹೊಳಪು ಬರ್ತದೇನ್ರಿ?"

"ಬರ್ತದ."

"ಹಂಗಾರ ನಮ್ಮ ಫರಸಿಗೂ ಹೊಡೀರಲ್ಲ! ಹೊಸ ಮನಿ ಕಟ್ಟಾಕತ್ತೀನಿ. ಪಡಸಾಲಿಗೆ ಎಷ್ಟೊತ್ತು ಹಿಡೀತದ?"

"ಉಗುರಿನಷ್ಟು ಜಾಗಕ್ಕ ಅರ್ಧ ದಿನ."

ಹೋಳಿಗೆ ಕೈಯಲ್ಲಿ ಹಿಡಿದೇ ಅವರು ಲೆಕ್ಕ ಹಾಕಿದರು. ಆಮೇಲೆ ನನ್ನ ಹೆಗಲು ತಟ್ಟಿ, "ಇರಲಿ ಬಿಡ್ರಿ ಸರ. ನಮ್ಮ ಮೊಮ್ಮಗ ಹುಟ್ಟಿ ದೊಡ್ಡಾಂವ ಆದಮ್ಯಾಲ ಫೋನ್ ಮಾಡ್ತಾನ" ಎಂದರು.

ವಿಭೂತಿ

ದಸರಾ ರಜೆ ಮುಗಿಸಿ ಬಂದು ಯಂತ್ರ ಚಾಲೂ ಮಾಡಿದರೆ ಪಾತ್ರೆಯೊಳಗೆ ಬೆಳಕೇ ಏಳಲಿಲ್ಲ. ಲೇಸರ್ ಬಿಚ್ಚಿದೆ, ಕನ್ನಡಿಗಳನ್ನು ತಿರುಗಿಸಿದೆ. ಸಂಜೆಯ ಹೊತ್ತಿಗೆ ಪಾತ್ರೆಯ ಕಿಟಕಿಯ ಗಾಜು ನೋಡಿದೆ. ಅದರ ಮೇಲೆ ಮೂರು ಬೆರಳಲ್ಲಿ ದಪ್ಪಗೆ ಎಳೆದ ವಿಭೂತಿ.

ಕಾವಲಿನವನನ್ನು ಕರೆದೆ.

"ಆಯುಧ ಪೂಜಿಗೆ ನಾನೇ ಹಚ್ಚೀನ್ರಿ ಸರ. ದೃಷ್ಟಿ ಆಗಬಾರದಂತ."

"ಯಾರ ದೃಷ್ಟಿ? ಈ ಖೋಲಿಗೆ ನನ್ನ ಬಿಟ್ರ ಯಾರೂ ಬರೂದಿಲ್ಲ."

"ಅದಕ್ಕರಿ ಸರ. ನೀವೊಬ್ರೇ ದಿನಾ ಅದನ್ನ ನೋಡ್ಕೋತ ಕುಂದರ್ತೀರಿ."

ಅಕ್ಕ

ಆಮೇಲೊಂದು ಉಪಾಯ ಹೊಳೆಯಿತು. ಕೂತ ಪದರದ ಮೇಲೆ ಇನ್ನೊಮ್ಮೆ, ಮೆಲ್ಲಗೆ, ಲೇಸರ್ ಹಾಯಿಸಿ ಬಿಗಿಮಾಡಿದೆ. ಬಣ್ಣ ಚೆನ್ನಾಗಿ ಬಂತು. ಟೇಪು ಹಚ್ಚಿ ಪರೀಕ್ಷಿಸಲು ಮಾತ್ರ ಧೈರ್ಯ ಬರಲಿಲ್ಲ. ಇದೊಂದನ್ನಾದರೂ ಕೆಡುವ ಮೊದಲು ಯಾರಿಗಾದರೂ ತೋರಿಸೋಣ ಅನ್ನಿಸಿತು.

ನಾರಾಯಣಖೇಡದಲ್ಲಿ ಅಕ್ಕ ಇದ್ದಾಳೆ. ನನ್ನವರು ಎಂದು ಉಳಿದವಳು ಅವಳೊಬ್ಬಳೇ. ಬಸ್ಸು ಹತ್ತಿ ಹೋಗಿ ಗಾಜನ್ನು ಅವಳ ಕೈಗೆ ಕೊಟ್ಟೆ.

"ಇಷ್ಟು ವರ್ಷ ಇದನ್ನ ಮಾಡಾಕತ್ತೀಯೇನು?" ಎಂದಳು. ಆದರೂ ತಮ್ಮ ಮಾಡಿದ್ದು ಎಂದು ದೇವರ ಜಗಲಿಯ ಮೇಲಿಟ್ಟಳು. ಆ ಬಣ್ಣವೇ ನನ್ನ ಕೆಲಸ ಎಂದು ಹೇಳಬೇಕಿತ್ತು. ಹೇಳುವ ಅಭ್ಯಾಸ ತಪ್ಪಿಹೋಗಿದೆ.

ಮುಂದಿನ ತಿಂಗಳು ಹೋದಾಗ ಅಕ್ಕ ಸಪ್ಪಗಿದ್ದಳು.

"ತಮ್ಮಾ, ಸಿಟ್ಟಿಗೇಳಬ್ಯಾಡ. ನೀ ಕೊಟ್ಟ ಗಾಜಿಗೆ ಏನೋ ಎಣ್ಣಿ ಜಿಡ್ಡು ಹತ್ತ್ಯದ. ಸೋಮಾರ ಸೋಮಾರ ದೇವರ ಸಾಮಾನಿನ ಜೋಡಿ ತಿಕ್ಕೀನಿ. ಬೂದಿ ಆತು, ಹುಣಸಿಹಣ್ಣು ಆತು, ಉಪ್ಪೂ ಆತು. ನನ್ನ ಕೈ ನೊಂದವು, ಆ ಬಣ್ಣ ಹೋಗವಲ್ದು. ನಿನ್ನ ಮಷಿನ್ನಾಗ ಏನೋ ಕೆಟ್ಟದ, ನೋಡು."

ಗಾಜನ್ನು ಅಂಗಳದ ಬಿಸಿಲಿಗೆ ಹಿಡಿದೆ. ನವಿಲಿನ ಕೊರಳು ಹಾಗೇ ಇತ್ತು. ಒಂದು ಅಂಚೂ ಎದ್ದಿರಲಿಲ್ಲ. ನನಗೆ ನಗು ಬಂತು. ಎಷ್ಟು ಜೋರಾಗಿ ನಕ್ಕೆನೆಂದರೆ ಅಕ್ಕ ಗಾಬರಿಯಾಗಿ ಗೋಡೆಯಾಚೆಯ ಮನೆಯವಳನ್ನು ಕೂಗಿದಳು: "ಇಲ್ಲಿ ಬಾರವ್ವಾ! ಹೊಲಸು ಹೋಗವಲ್ದು ಅಂದ್ರ ಇಂವ ಕುಣ್ಯಾಕತ್ಯಾನ!"

ಹೊರಡುವಾಗ ಗಾಜನ್ನು ಒರೆಸಿ, ಅರಿವೆಯಲ್ಲಿ ಸುತ್ತಿ, ನನ್ನ ಚೀಲಕ್ಕೆ ಹಾಕಿದಳು. ಬಸ್ಸಿನ ಕಿಟಕಿಯ ತನಕ ಬಂದು ಸಮಾಧಾನ ಹೇಳಿದಳು:

"ಮನಸಿಗೆ ಹಚ್ಕೋಬ್ಯಾಡ. ಮುಂದಿನ ಸಲ ಸ್ವಚ್ಛ ಇರೋದೊಂದು ಮಾಡ್ಕೊಂಡು ಬಾ."