ಮಾವನ ಪೇಟೆಂಟು, ಅತ್ತೆಯ ವಾಣ

ಜಗತ್ತಿನಲ್ಲಿ ಇರುವುದನ್ನೆಲ್ಲ ಮೊದಲು ಕಂಡುಹಿಡಿದವರು ನಮ್ಮ ಸೋದರಮಾವ. ಉಳಿದವರೆಲ್ಲ ಕದ್ದವರು! ಇದು ನನ್ನ ಮಾತಲ್ಲ, ಅವರದೇ. ಡೊಂಬಿವಲಿಯ ಅವರ ಮನೆಗೆ ಹೋದವರು ಚಹಾ ಕುಡಿದು ಏಳುವುದರೊಳಗೆ ಮೂರು ಕಳವಿನ ವರದಿಯನ್ನಾದರೂ ಕೇಳಲೇಬೇಕು. ಲೋಕಲ್ ರೈಲಿನಲ್ಲಿ ಮೂರು ಜನರ ಸೀಟಿನ ತುದಿಗೆ ನಾಲ್ಕನೆಯವನಾಗಿ ಅರ್ಧ ಕುಂಡೆ ಊರಿ ಕೂರುತ್ತೇವಲ್ಲ, ಅದೂ ಮಾವನ ಶೋಧವಂತೆ. ಇಡೀ ಸೆಂಟ್ರಲ್ ಲೈನು ಅದನ್ನು ಪುಕ್ಕಟೆ ಬಳಸುತ್ತಿದೆ ಎಂಬುದು ಅವರ ಹಳೆಯ ಸಂಕಟ.

ಒಮ್ಮೆ ನೌಪಾಡಾದಲ್ಲಿ ನಮ್ಮ ಕಡೆಯವರದೇ ಒಂದು ಹೋಟೆಲಿಗೆ ನನ್ನನ್ನು ಕರೆದುಕೊಂಡು ಹೋದರು. ಸಾಂಬಾರಿನ ಮೊದಲ ಗುಟುಕಿಗೇ ಹುಬ್ಬು ಮೇಲೇರಿತು. ಬೆಲ್ಲ! ಇಡ್ಲಿಯನ್ನು ಅಲ್ಲಿಯೇ ಬಿಟ್ಟು, ಗಲ್ಲಾದಲ್ಲಿ ಕೂತಿದ್ದ ಕುಂದಾಪುರದ ಮುದುಕರ ಮುಂದೆ ಹೋಗಿ ನಿಂತರು. ಸಾಂಬಾರಿಗೆ ಬೆಲ್ಲ ಹಾಕುವ ಉಪಾಯ ಎಲ್ಲಿಂದ ಬಂತು ಎಂದು ವಿಚಾರಣೆ. ತಮ್ಮ ಅಜ್ಜಿಯಿಂದ ಬಂತು ಎಂದರು ಅವರು.

"ಹಾಗಾದ್ರೆ ನಿಮ್ಮ ಅಜ್ಜಿ ನಮ್ಮ ಅಜ್ಜಿ ಹತ್ರ ನೋಡಿ ಕಲ್ತದ್ದು," ಎಂದರು ಮಾವ.

ಮುದುಕರು ತಣ್ಣಗೆ ಮಾಣಿಯನ್ನು ಕರೆದು ಇವರಿಗೆ ಇನ್ನೊಂದು ಬಟ್ಟಲು ಸಾಂಬಾರು ಕೊಡಲು ಹೇಳಿದರು. ಮಾವ ಆ ಕಳವಿನ ಮಾಲನ್ನೂ ಕುಡಿದು ಮುಗಿಸಿದರು.

ಇಂಥವರು ಒಂದು ದಿನ ನಿಜಕ್ಕೂ ಏನನ್ನಾದರೂ ಕಂಡುಹಿಡಿದುಬಿಟ್ಟರೆ ಗತಿಯೇನು? ಕಂಡುಹಿಡಿದರು!

ಸುಮತಿ ಅತ್ತೆಯ ಮೊಣಕಾಲು ಕೈಕೊಟ್ಟಿತ್ತು. ನೆಲದ ಮೇಲೆ ತುರಿಮಣೆ ಇಟ್ಟು ಕೂತು ಕಾಯಿ ತುರಿಯಲು ಆಗುತ್ತಿರಲಿಲ್ಲ. ಕರಾವಳಿಯವರ ಮನೆಯಲ್ಲಿ ಕಾಯಿ ತುರಿಯದಿದ್ದರೆ ಅಡುಗೆ ಎಂದು ಯಾವುದನ್ನು ಕರೆಯುವುದು? ಮಾವ ಉಲ್ಹಾಸನಗರದಲ್ಲಿ ಒಬ್ಬ ವೆಲ್ಡಿಂಗಿನವನನ್ನು ಹಿಡಿದು, ಅಡುಗೆಮನೆ ಕಿಟಕಿಯ ಗ್ರಿಲ್ಲಿಗೆ ಸಿಕ್ಕಿಸುವ ತುರಿಮಣೆ ಮಾಡಿಸಿದರು. ಎರಡು ಕೊಕ್ಕೆ, ಒಂದು ಹಲ್ಲು, ಕೆಳಗೆ ತಟ್ಟೆ ಕೂರಿಸಲು ಒಂದು ಕಬ್ಬಿಣದ ಬಳೆ. ನಿಂತುಕೊಂಡು, ರಸ್ತೆಯಲ್ಲಿ ಯಾರು ಯಾರ ಜೊತೆ ಹೋದರು ಎಂದು ನೋಡುತ್ತ, ಆರಾಮವಾಗಿ ತುರಿಯಬಹುದು. ನಾನೂ ಒಂದು ಕಾಯಿಕಡಿ ತುರಿದು ನೋಡಿದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು.

ಮಾವ ನೇರ ವಾಶಿಗೆ ಹೋಗಿ ಪೇಟೆಂಟಿನ ವಕೀಲರನ್ನು ಕಂಡರು. ಅರ್ಜಿ ಹಾಕುವ ಮೊದಲು ವಸ್ತು ಹೊರಗಿನವರ ಕಣ್ಣಿಗೆ ಬೀಳಬಾರದು, ಬಿದ್ದರೆ ಅದು ಹೊಸದು ಅನ್ನಿಸಿಕೊಳ್ಳುವುದಿಲ್ಲ ಎಂದು ವಕೀಲರು ಎಚ್ಚರಿಸಿದರು. ಮರುದಿನವೇ ಅಡುಗೆಮನೆ ಕಿಟಕಿಗೆ ದಪ್ಪ ಪರದೆ ಬಂತು. ಮನೆಗೆಲಸದ ಹೆಂಗಸಿನಿಂದ ಟಿಟ್ವಾಳಾ ಗಣಪತಿಯ ಮೇಲೆ ಆಣೆ ಹಾಕಿಸಿಕೊಂಡದ್ದಾಯಿತು. ಸ್ವಂತ ಸೋದರಳಿಯನಾದ ನಾನು ನನ್ನ ಫೋನನ್ನು ಚಪ್ಪಲಿಗೂಡಿನಲ್ಲಿಟ್ಟು ಒಳಗೆ ಬರಬೇಕಾಯಿತು! ಒಬ್ಬರಿಗೆ ಮಾತ್ರ ಮಾವ ಏನನ್ನೂ ಹೇಳಲಿಲ್ಲ. ಅತ್ತೆಗೆ. ಪರದೆ ಯಾಕೆ ಎಂದು ಅವರು ಕೇಳಿದ್ದಕ್ಕೆ ಧೂಳು ಎಂದರಂತೆ.

ಅಷ್ಟರಲ್ಲಿ ಸಂಕ್ರಾಂತಿ ಬಂತು. ನಮ್ಮ ಮರಾಠಿ ನೆರೆಯವರಲ್ಲಿ ಆಗ ಹಳದಿ-ಕುಂಕು. ಮನೆಗೆ ಬಂದ ಹೆಂಗಸರಿಗೆ ಅರಿಶಿನ ಕುಂಕುಮ, ಎಳ್ಳುಂಡೆ, ಜೊತೆಗೆ ಮನೆಬಳಕೆಯ ಒಂದು ಸಣ್ಣ ಸಾಮಾನು ಕೊಡಬೇಕು. ಅದಕ್ಕೆ ವಾಣ ಎನ್ನುತ್ತಾರೆ. ಇಪ್ಪತ್ತೈದು ವರ್ಷದಿಂದ ಅಲ್ಲಿರುವ ಅತ್ತೆಯೂ ಇದನ್ನು ತಪ್ಪಿಸುವುದಿಲ್ಲ. ಪ್ರತಿವರ್ಷ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕೊಟ್ಟು ಅವರಿಗೂ ಬೇಜಾರಾಗಿರಬೇಕು. ಈ ಸಲ ಅದೇ ವೆಲ್ಡಿಂಗಿನವನಿಂದ ಮಾಡಿಸಿ ಏನು ಕೊಟ್ಟರು ಎಂದು ನಾನು ಬೇರೆ ಹೇಳಬೇಕೆ?

ಅಂದು ವಾಶಿಯಲ್ಲಿ ಅರ್ಜಿಯ ಕೊನೆಯ ಕರಡು ಮುಗಿಸಿ, ಮರುದಿನ ಸಲ್ಲಿಸುವುದೆಂದು ಮಾತಾಗಿ, ಮಾವ ಸಂಜೆ ಮನೆಗೆ ಬಂದರು. ಕಟ್ಟಡದ ಕೆಳಗೆ ನಿಂತು ತಲೆಯೆತ್ತಿ ನೋಡುತ್ತಾರೆ, ಎಲ್ಲ ಮಹಡಿಯ ಎಲ್ಲ ಗ್ರಿಲ್ಲಿನಲ್ಲೂ ತುರಿಮಣೆ! ಅಡುಗೆಗೆ ಕಾಯಿಯನ್ನೇ ಹಾಕದ ಎರಡನೇ ಮಹಡಿಯ ಗುಜರಾತಿ ಬೆಹನ್ ಅದಕ್ಕೆ ನೆಲ ಒರೆಸುವ ಬಟ್ಟೆ ನೇತುಹಾಕಿದ್ದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾವ ನಾಲ್ಕು ದಿನ ಅತ್ತೆಯ ಹತ್ತಿರ ಮಾತಾಡಲಿಲ್ಲ, ಕಾಯಿ ಹಾಕಿದ ಯಾವುದನ್ನೂ ತಿನ್ನಲಿಲ್ಲ. ಅಂದರೆ ಉಪವಾಸವೇ ಅನ್ನಿ. ಐದನೆಯ ದಿನ ಪೇಟೆಂಟ್ ಕಾನೂನನ್ನೇ ಕಿತ್ತೊಗೆಯಬೇಕು ಎಂಬ ತೀರ್ಮಾನಕ್ಕೆ ಬಂದರು. ಸೊಸೈಟಿಯ ಸಭೆಯಲ್ಲಿ ಹಾಗೆಂದು ಠರಾವು ಮಂಡಿಸಿಯೇ ಬಿಟ್ಟರು! ಮೊದಲು ನೀರಿನ ಟ್ಯಾಂಕರಿನ ವಿಷಯ ಮುಗಿಸೋಣವೆಂದು ಸೆಕ್ರೆಟರಿ ಕೈಮುಗಿದರು.

ನಾನು ಸುಮ್ಮನಿರಬಾರದೇ? ಹತ್ತು ವರ್ಷ ತಲೆ ಕೆಡಿಸಿಕೊಂಡು ಒಂದು ಔಷಧಿ ಕಂಡುಹಿಡಿದವನ ಗತಿಯೇನು, ಮರುದಿನವೇ ಎಲ್ಲರೂ ನಕಲು ಮಾಡಿದರೆ ಇನ್ನು ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ಕೆಣಕಿದೆ. ಆ ಔಷಧಿಗೆ ಬೀಗ ಹಾಕಿ ಕೂತರೆ ಅಂಗಡಿಯ ಮೆಟ್ಟಿಲ ಮೇಲೆ ಸಾಯುವವನ ಗತಿಯೇನು ಎಂದರು ಮಾವ. ಹಾಗಾದರೆ ಕಾನೂನನ್ನು ಕಿತ್ತೊಗೆಯುವುದು ಬೇಡ, ಬೀಗದ ಅವಧಿ ಕಡಿಮೆ ಮಾಡಿ ತಿದ್ದಲಿ ಎಂದೆ.

"ಬೀಗ ಬೇಡ, ದುಡ್ಡೂ ಬೇಡ ಅನ್ನು," ಎಂದರು ಮಾವ. "ಯಾರು ಮಾಡಿದ್ದು ಅಂತ ಒಂದು ಹೆಸರು ಬೇಕಲ್ಲ ಮಾರಾಯ."

"ನಿಮ್ಮ ಹೆಸರು ಇಡೀ ಡೊಂಬಿವಲಿಗೆ ಗೊತ್ತುಂಟಲ್ಲ ಮಾವ," ಎಂದು ನಕ್ಕೆ.

ಅವರು ಎದ್ದು ಒಳಗೆ ಹೋಗಿ, ಸಲ್ಲಿಸದೆ ಉಳಿದ ಅರ್ಜಿಯನ್ನು ತಂದು ನನ್ನ ತೊಡೆಯ ಮೇಲೆ ಹಾಕಿದರು. ಕಂಡುಹಿಡಿದವರ ಹೆಸರು ಎಂಬಲ್ಲಿ ಸುಮತಿ ಅತ್ತೆಯ ಹೆಸರಿತ್ತು.

"ಗ್ರಿಲ್ಲಿಗೆ ಸಿಕ್ಕಿಸಿದ್ರೆ ಆಗುದಿಲ್ವಾ ಅಂತ ಕೇಳಿದ್ದು ಅವಳು. ನಾನು ಉಲ್ಹಾಸನಗರಕ್ಕೆ ಹೋಗಿ ಬಂದದ್ದು ಮಾತ್ರ. ಮನೆ ನನ್ನ ಹೆಸರಲ್ಲಿ, ಗ್ಯಾಸು ನನ್ನ ಹೆಸರಲ್ಲಿ, ಕರೆಂಟು ಬಿಲ್ಲೂ ನನ್ನ ಹೆಸರಲ್ಲಿ. ಇದೊಂದಾದ್ರೂ ಅವಳ ಹೆಸರಲ್ಲಿರ್ಲಿ ಅಂತ. ಪೇಟೆಂಟು ಬಂದ ಮೇಲೆ ತೋರಿಸುವ ಅಂತ ಅವಳಿಗೆ ಹೇಳಿರ್ಲಿಲ್ಲ."

ನನ್ನ ನಗು ಇಳಿದುಹೋಯಿತು. ಅಡುಗೆಮನೆಯಲ್ಲಿ ಅತ್ತೆ ಕಾಯಿ ತುರಿಯುತ್ತಿದ್ದರು. ಅವರಿಗೆ ಇದೊಂದೂ ಕೇಳಲಿಲ್ಲ.

ಹೋದ ತಿಂಗಳು ಮಾವನ ಜೊತೆ ಕಲ್ಯಾಣದ ಮಾರ್ಕೆಟ್ಟಿಗೆ ಹೋಗಿದ್ದೆ. ಪಾತ್ರೆ ಅಂಗಡಿಯಲ್ಲಿ ನಮ್ಮ ಮುಂದೆ ನಿಂತಿದ್ದ ಹೆಂಗಸೊಬ್ಬಳು, "ಭಾವು, ಸುಮತಿ ಆಹೆ ಕಾ?" ಎಂದು, ಅಂದರೆ ಸುಮತಿ ಇದೆಯಾ ಎಂದು, ಕೇಳಿದಳು. ಅಂಗಡಿಯವನು ಒಂದು ರಟ್ಟಿನ ಪೆಟ್ಟಿಗೆ ತೆಗೆದಿಟ್ಟ. ಒಳಗೆ ಗ್ರಿಲ್ಲಿನ ತುರಿಮಣೆ! ವಾಣ ಪಡೆದ ಹೆಂಗಸರ ಅಕ್ಕತಂಗಿಯರು, ನಾದಿನಿಯರು ಎಲ್ಲ ಆ ವೆಲ್ಡಿಂಗಿನವನಲ್ಲಿಗೆ ಹೋಗಿ ಸುಮತಿಕಾಕು (ಅಲ್ಲಿ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ) ಕೊಟ್ಟದ್ದು ಬೇಕು, ಸುಮತಿಕಾಕು ಕೊಟ್ಟದ್ದು ಬೇಕು ಎಂದು ಕೇಳಿ ಕೇಳಿ, ಅವನು ಪೆಟ್ಟಿಗೆಯ ಮೇಲೆ ಆ ಹೆಸರನ್ನೇ ಅಚ್ಚು ಹಾಕಿಸಿದ್ದನಂತೆ. ನನಗೆ ಗಾಬರಿಯಾಯಿತು. ಸಾಂಬಾರಿನ ಬೆಲ್ಲಕ್ಕೆ ಅಷ್ಟು ರಂಪ ಮಾಡಿದವರು ಇದಕ್ಕೆ ಬಿಟ್ಟಾರೆಯೇ ಎಂದು ಅವರ ತೋಳು ಹಿಡಿದುಕೊಂಡೆ. ಮಾವ ಪೆಟ್ಟಿಗೆಯ ಮೇಲಿನ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿ, ಒಂದನ್ನು ಕೊಂಡರು. ಚೌಕಾಸಿಯನ್ನೂ ಮಾಡಲಿಲ್ಲ.

ಅತ್ತೆ ಅದನ್ನು ನೋಡಿ, ಮನೆಯಲ್ಲಿ ಒಂದಿರುವಾಗ ಇನ್ನೊಂದು ಯಾಕೆ ಎಂದು ಬೈದರು. ತಂದದ್ದಾಯಿತು, ಬರುವ ಸಂಕ್ರಾಂತಿಗೆ ಯಾರಿಗಾದರೂ ವಾಣ ಕೊಡುತ್ತೇನೆ ಎಂದು ಪೆಟ್ಟಿಗೆ ಎತ್ತಿಕೊಂಡರು.

"ತುರಿಮಣೆ ಯಾರಿಗೆ ಬೇಕಾದ್ರೂ ಕೊಡು," ಎಂದರು ಮಾವ. "ಪೆಟ್ಟಿಗೆ ಕೊಡ್ಬೇಡ."